ಅಜ್ಜಿಯ ಪಾಲಿನ ಹೊಗೆ

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲು ತಲೆ ಎತ್ತಿ ಚಿಮಣಿಗಳನ್ನು ನೋಡುತ್ತಾರೆ, ಆಮೇಲೆ ಕೇಳಬಾರದ್ದನ್ನೆಲ್ಲ ಕೇಳುತ್ತಾರೆ. ಒಲೆ ಉರಿಯುವಾಗ ಮನೆಯೊಳಗೆ ಎಷ್ಟು ಜನ ಇದ್ದಾರೋ ಅಷ್ಟು ಎಳೆ ಹೊಗೆ ಏಳುತ್ತದೆ, ಅದರಲ್ಲಿ ಕೇಳುವುದೇನಿದೆ? ಒಬ್ಬರು ಎದ್ದು ಹೊರಗೆ ಹೋದರೆ ಒಂದು ಎಳೆ ಕಡಿಮೆ, ನೆಂಟರು ಬಂದರೆ ಹೆಚ್ಚು. ವಯಸ್ಸಾದವರ ಎಳೆ ನೆಟ್ಟಗೆ, ನಿಧಾನವಾಗಿ ಮೇಲೇರುತ್ತದೆ, ಮಕ್ಕಳದು ಕುಣಿಯುತ್ತದೆ. ಸೊಸೆ ಬಸುರಿ ಎನ್ನುವುದು ಅತ್ತೆಗಿಂತ ಮೊದಲು ಎದುರು ಮನೆಯವರಿಗೆ ತಿಳಿಯುತ್ತದೆ. ತಿಳಿದರೂ ಯಾರೂ ಉಸಿರೆತ್ತುವುದಿಲ್ಲ. ಇನ್ನೊಬ್ಬರ ಮನೆಯ ಹೊಗೆಯ ಮಾತೆತ್ತುವುದೆಂದರೆ ನಮ್ಮಲ್ಲಿ ಅವರ ಒಳಬಟ್ಟೆಯ ಮಾತೆತ್ತಿದ ಹಾಗೆ. ನಾನು ತೆಕ್ಲಾ, ಊರಿನ ಬಟ್ಟೆ ಒಗೆಯುವವಳ ಮಗಳು. ಎಲ್ಲರ ಒಳಬಟ್ಟೆಯೂ ನನಗೆ ಗೊತ್ತು, ಎರಡರ ಮಾತನ್ನೂ ಇದುವರೆಗೆ ಆಡಿದವಳಲ್ಲ. ಇವತ್ತು ಆಡುತ್ತೇನೆ. ಆ ಮರ್ಯಾದೆ ನಮ್ಮ ಪೆಸ್ಯಾಳ ಜೀವ ಉಳಿಸಿದ್ದೂ ನಿಜ, ಆಮೇಲೆ ಅವಳ ಅರ್ಧ ಆಯುಸ್ಸನ್ನು ತಿಂದದ್ದೂ ನಿಜ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಯಾರೂ ತಮ್ಮ ಎಳೆಯನ್ನು ತಾವು ಕಂಡಿಲ್ಲ. ನೋಡೋಣವೆಂದು ಹೊರಗೆ ಬಂದರೆ ಅದು ಅಲ್ಲಿರುವುದಿಲ್ಲ. ನಮ್ಮದು ಹೇಗಿದೆ ಎಂದು ಮನೆಯವರು ಹೇಳಿದ್ದನ್ನೇ ನಂಬಬೇಕು.

ಯುದ್ಧ ಬಂದಾಗ ನನಗೆ ಹನ್ನೊಂದು ವರ್ಷ. ಬೂದು ಕೋಟಿನ ಸಿಪಾಯಿಗಳು ಊರು ಹಿಡಿದರು, ಬಂದ ಸ್ವಲ್ಪ ದಿನದಲ್ಲೇ ಅವರಿಗೆ ಹೊಗೆಯ ಗುಟ್ಟು ಹತ್ತಿತು. ಪ್ರತಿ ಮನೆಯ ಬಾಗಿಲ ಮೇಲೂ ಸುಣ್ಣದಲ್ಲಿ ಸಂಖ್ಯೆ ಬರೆದರು. ಸಂಜೆ ಗಂಟೆ ಹೊಡೆದ ಕೂಡಲೇ ಎಲ್ಲರೂ ಮನೆಯೊಳಗಿರಬೇಕು, ಒಲೆ ಉರಿಯುತ್ತಿರಬೇಕು. ಗಂಟೆ ಗೋಪುರದ ಮೇಲೆ ಒಬ್ಬ ದುರ್ಬೀನು ಹಿಡಿದು ಎಳೆ ಎಣಿಸುತ್ತಿದ್ದ. ಹೆಚ್ಚು ಕಡಿಮೆಯಾದರೆ ಆ ಮನೆಗೆ ಬೂಟಿನ ಸದ್ದು ಬರುತ್ತಿತ್ತು. ನಮ್ಮ ಬಾಗಿಲ ಮೇಲೆ ಮೂರು ಎಂದಿತ್ತು: ಅಮ್ಮ, ಅಜ್ಜಿ, ನಾನು. ಸೈನ್ಯಕ್ಕೆ ಹೋದ ಅಪ್ಪ ತಿರುಗಿ ಬಂದಿರಲಿಲ್ಲ.

ಹೊಳೆಯಾಚೆಯ ಬೀದಿಯಲ್ಲಿ ಯೆಹೂದಿಗಳಿದ್ದರು. ಅಲ್ಲಿ ಲೇಜರ್ ಎಂಬಾತ ಕುದುರೆಗೂದಲಿನಿಂದ ಬ್ರಷ್ಷು ಕಟ್ಟಿ ಮಾರುತ್ತಿದ್ದ. ಹಿಂದಿನ ವರ್ಷವಷ್ಟೇ ದೂರದ ಯಾವುದೋ ಊರಿನಿಂದ ಓಡಿಸಿಕೊಂಡು ಇಲ್ಲಿಗೆ ಬಂದು ನೆಲೆಸಿದ್ದ. ಅಮ್ಮನ ಹತ್ತಿರ ಇದ್ದ ಕಾಲರ್ ಉಜ್ಜುವ ಬ್ರಷ್ಷು ಅವನದೇ. ಆ ಬೀದಿಗೆ ಲಾರಿಗಳು ಬರುತ್ತವೆಂದು ಸುದ್ದಿ ಹಬ್ಬಿದ ಬೆಳಿಗ್ಗೆ ಅಮ್ಮ ಒಗೆದ ಬಟ್ಟೆ ಕೊಟ್ಟುಬರುವ ನೆಪದಲ್ಲಿ ಅಲ್ಲಿಗೆ ಹೋದಳು. ಹೋಗುವಾಗ ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಹೋದವಳು ಬರುವಾಗ ಎರಡೂ ಕೈಯಲ್ಲಿ ಅಪ್ಪಿ ಹಿಡಿದುಕೊಂಡು ಬಂದಳು. ಒಳಗೆ ಮಡಚಿದ ಹೊದಿಕೆಗಳ ಕೆಳಗೆ ಆರು ವರ್ಷದ ಪೆಸ್ಯಾ ಇದ್ದಳು, ಲೇಜರನ ಒಬ್ಬಳೇ ಮಗಳು. ಆ ಸಂಜೆ ಹೊಳೆಯಾಚೆ ಒಂದು ಎಳೆ ಹೊಗೆಯೂ ಏಳಲಿಲ್ಲ. ಇಡೀ ಊರು ಅದನ್ನು ನೋಡಿತು, ಮರ್ಯಾದೆಯಿಂದ ಸುಮ್ಮನಿತ್ತು. ಆ ಸುಮ್ಮನಿದ್ದದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಈಗ ಮನೆಯಲ್ಲಿ ನಾಲ್ಕು ಜನ, ಬಾಗಿಲ ಮೇಲೆ ಮೂರು. ಬಟ್ಟೆ ಬೇಯಿಸಬೇಕಾದ ಮನೆ, ಒಲೆ ಆರಿಸುವ ಹಾಗಿಲ್ಲ. ಹಗಲೆಲ್ಲ ಜನ ಹೋಗಿಬಂದು ಮಾಡುವುದರಿಂದ ಎಣಿಸುವವರಿಲ್ಲ, ಆದರೆ ಗಂಟೆಯ ಹೊತ್ತಿಗೆ ಯಾರಾದರೂ ಒಬ್ಬರು ಮನೆಯಿಂದ ಹೊರಗಿರಲೇಬೇಕು. ಪೆಸ್ಯಾಳನ್ನು ಕಳಿಸುವಂತಿರಲಿಲ್ಲ. ಅದೇ ಹೊತ್ತಿಗೆ ನಾಯಿ ಹಿಡಿದ ಸಿಪಾಯಿಗಳು ಹೊಳೆದಂಡೆ ಸುತ್ತುತ್ತಿದ್ದರು. ನಾವು ಸಿಕ್ಕಿಬಿದ್ದರೆ ಬೈಗುಳ, ಏಟು. ಅವಳು ಸಿಕ್ಕಿಬಿದ್ದರೆ ಮುಗಿಯಿತು. ಹಾಗಾಗಿ ನಾವು ಮೂವರೂ ಸರದಿಯ ಮೇಲೆ ಹೊಳೆದಂಡೆಯ ಜೊಂಡಿನಲ್ಲಿ ಕೂರುತ್ತಿದ್ದೆವು, ಎಣಿಕೆ ಮುಗಿದ ಗಂಟೆ ಹೊಡೆದ ಮೇಲೆ ಹಿತ್ತಿಲಿನಿಂದ ಒಳಗೆ ನುಸುಳುತ್ತಿದ್ದೆವು. ನಾನು ಒಳಗೆ ಬಂದಾಗಲೆಲ್ಲ ಪೆಸ್ಯಾ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದಳು. ತಟ್ಟೆಯಲ್ಲಿದ್ದದ್ದು ಹಾಗೇ ಇರುತ್ತಿತ್ತು. ಹೊರಗೆ ಹೋದವರು ಬರುವವರೆಗೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಅವಳಿಗೆ ಅಜ್ಜಿಯನ್ನು ಕಂಡರೆ ಪ್ರಾಣ. ನಮ್ಮ ಸಾರಿನಲ್ಲಿ ಹಂದಿಯ ಕೊಬ್ಬಿನ ಚೂರು ತೇಲುತ್ತಿರುತ್ತಿತ್ತು. ಯೆಹೂದಿಗಳು ಹಂದಿ ಮುಟ್ಟುವುದಿಲ್ಲ, ಹುಡುಗಿ ಅದನ್ನು ಚಮಚದ ತುದಿಯಿಂದ ದೂಡುತ್ತಿದ್ದದ್ದನ್ನು ಮೊದಲ ದಿನವೇ ಗಮನಿಸಿದ ಅಜ್ಜಿ ಸದ್ದಿಲ್ಲದೆ ಆ ಚೂರನ್ನು ತನ್ನ ತಟ್ಟೆಗೆ ಎತ್ತಿಕೊಂಡಳು. "ನನಗೆ ಇದು ಬಾಳ ಇಷ್ಟ ಕಣೇ, ಯಾರಿಗೂ ಕೊಡಲ್ಲ," ಎಂದಳು. ಬಾಯಲ್ಲಿ ಹಲ್ಲಿರಲಿಲ್ಲ. ಗಂಟಲಿಗೆ ಸಿಕ್ಕಿಕೊಂಡರೂ ನುಂಗುತ್ತಿದ್ದಳು.

ಚಳಿಗಾಲ ಬಂತು. ಅಜ್ಜಿ ಹಟ ಹಿಡಿದು ನನ್ನ ಸರದಿಯನ್ನೂ ತಾನೇ ತೆಗೆದುಕೊಂಡಳು. "ಮುದುಕಿ ಜೊಂಡಲ್ಲಿ ಸಿಕ್ಕಿದ್ರೆ ಬುದ್ಧಿ ನೆಟ್ಟಗಿಲ್ಲ ಅಂತಾರೆ, ಬಿಡ್ತಾರೆ," ಎನ್ನುತ್ತಿದ್ದಳು. ಸಿಕ್ಕಲಿಲ್ಲ, ಚಳಿಯೇ ಅವಳನ್ನು ಹಿಡಿಯಿತು. ಎದೆಯಲ್ಲಿ ಕಫ ಕಟ್ಟಿ ಮಲಗಿದಳು. ಒಂದು ಬೆಳಿಗ್ಗೆ ಅಮ್ಮನನ್ನು ಹತ್ತಿರ ಕರೆದು, "ನಾನು ಹೋದೆ ಅಂತ ಊರಿಗೆಲ್ಲ ಡಂಗುರ ಹೊಡೆಯೋ ಅವಸರ ಏನೂ ಇಲ್ಲ. ಬಾಗಿಲ ಮೇಲೆ ಮೂರು ಅಂತ ಬರ್ದವ್ರೆ, ಮೂರೇ ಇರ್ಲಿ," ಎಂದಳು. ಆಮೇಲೆ ಕಾಲ ಬುಡದಲ್ಲಿ ಕೂತಿದ್ದ ಪೆಸ್ಯಾಳ ಕಡೆ ಕೈ ಚಾಚಿ, "ನನ್ನ ಪಾಲಿನ ಹೊಗೆ ಈ ಕೂಸಿಗೆ," ಎಂದಳು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು. ಊರೆಲ್ಲ ನೆಲ ಕಲ್ಲಾಗಿತ್ತು, ಆದರೆ ನಮ್ಮ ಬಟ್ಟೆ ಒಗೆಯುವ ಕೊಟ್ಟಿಗೆಯಲ್ಲಿ ಬಿಸಿನೀರು ಬಿದ್ದೂ ಬಿದ್ದೂ ಮಣ್ಣು ಮೆತ್ತಗಿತ್ತು. ಅಲ್ಲೇ ಅಗೆದೆವು. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆವು. ಪೆಸ್ಯಾ ಅಳಲಿಲ್ಲ. ಅಜ್ಜಿಯ ಶಾಲು ಹೊದ್ದುಕೊಂಡು, ಅಜ್ಜಿ ಕೂರುತ್ತಿದ್ದ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು, ಅಲ್ಲಾಡದೆ ಕೂತಳು. ಅಲ್ಲಾಡದೆ ಕೂತರೆ ಹೊಗೆ ಅಜ್ಜಿಯದಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ತಾನೇ ಅಂದುಕೊಂಡಿದ್ದಳು.

ಆ ಸಂಜೆ ಗಂಟೆ ಹೊಡೆಯುವ ಮುಂಚೆ ಹಗ್ಗದ ಮೇಲಿನ ಬಟ್ಟೆ ತರುವ ನೆಪ ಮಾಡಿ ನಾನು ಹೊರಗೆ ಹೋಗಿ ಮೇಲೆ ನೋಡಿದೆ. ನನ್ನದನ್ನು ಬಿಟ್ಟು ಎರಡು ಎಳೆ ಇರಬೇಕಿತ್ತು, ಇದ್ದವು. ಒಂದು ಅಮ್ಮನದು. ಇನ್ನೊಂದು ಅಜ್ಜಿಯದರ ಹಾಗೆ ಒಂದಿಷ್ಟೂ ಇರಲಿಲ್ಲ. ಮೇಕೆಮರಿ ಜಿಗಿದ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕುಣಿಯುತ್ತಿತ್ತು. ಒಳಗೆ ಓಡಿ ಅಮ್ಮನ ಕಿವಿಯಲ್ಲಿ ಹೇಳಿದೆ. "ಅವಳಿಗೆ ಹೇಳ್ಬೇಡ, ಹೆದರ್ಕೋತಾಳೆ," ಎಂದಳು. ಪೆಸ್ಯಾ ಕುರ್ಚಿಯಿಂದಲೇ ಕೇಳಿದಳು, "ಅಕ್ಕಾ, ನನ್ನದು ಹೇಗಿತ್ತು?" ನಾನು, "ಥೇಟ್ ಅಜ್ಜಿದರ ಹಾಗೆ," ಎಂದೆ. ಅವಳು ಉಸಿರು ಬಿಟ್ಟಳು. ಅವತ್ತಿನಿಂದ ಯುದ್ಧ ಮುಗಿಯುವವರೆಗೂ ಪ್ರತಿ ಸಂಜೆ ಅದೇ ಪ್ರಶ್ನೆ, ಅದೇ ಉತ್ತರ.

ಎಣಿಸುವವನಿಗೆ ಸಂಖ್ಯೆ ಸಾಕಿತ್ತು, ಕುಣಿತ ಬೇಕಿರಲಿಲ್ಲ. ನಮಗೆ ಭಯವಿದ್ದದ್ದು ಎದುರು ಮನೆಯ ವೆಂಡೆಲಮ್ಮನದು. ಆಕೆ ಕೋಟು ಹೊಲಿಯುವವಳು. ಗಟ್ಟಿ ಗಂಟಲು, ಗಂಡ ಸತ್ತವಳು. ಬೂದು ಕೋಟಿನ ಹವಾಲ್ದಾರನೊಬ್ಬ ಆ ವಾರವಷ್ಟೇ ಬಂದು ಅವಳ ಮಹಡಿಯ ಕೋಣೆಯಲ್ಲಿ ಬಿಡಾರ ಹೂಡಿದ್ದ. ಅವನ ಕಿಟಕಿಗೆ ನಮ್ಮ ಚಿಮಣಿ ನೇರವಾಗಿ ಕಾಣುತ್ತಿತ್ತು. ಅಜ್ಜಿ ಸತ್ತ ಮರುದಿನದಿಂದಲೇ ವೆಂಡೆಲಮ್ಮ ದಿನಾ ಸಂಜೆ ಕಿಟಕಿ ತೆಗೆದು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು, "ಅಜ್ಜಿ ಹೇಗವ್ರೆ?" ಅಮ್ಮ ಹಲ್ಲು ಕಚ್ಚಿಕೊಂಡು, "ಮಲಗಿದಾರೆ," ಎನ್ನುತ್ತಿದ್ದಳು. ಒಂದೊಂದು ದಿನ ಆಕೆ ಕಷಾಯ ತಂದು ಬಾಗಿಲ ಬಳಿ ನಿಂತು, "ನಡುಕ ಕಮ್ಮಿ ಆಯ್ತಾ? ಮೈ ನಡುಕ ಕಮ್ಮಿ ಆಯ್ತಾ?" ಎಂದು ಊರಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದಳು. ಅಜ್ಜಿಗೆ ಯಾವತ್ತೂ ನಡುಕ ಇರಲಿಲ್ಲ. ಇವಳಿಗೆ ವಾಸನೆ ಹತ್ತಿದೆ, ಬಾಯಿ ಬಿಡಿಸಲು ನೋಡುತ್ತಿದ್ದಾಳೆ ಎಂದು ಅಮ್ಮ ಆ ಕಷಾಯವನ್ನು ಬಚ್ಚಲಿಗೆ ಸುರಿಯುತ್ತಿದ್ದಳು. ಆ ಕೂಗು ಕೇಳಿದರೆ ಪೆಸ್ಯಾ ಕುರ್ಚಿಯಲ್ಲಿ ಇನ್ನೂ ಬಿಗಿಯಾಗಿ ಕೂರುತ್ತಿದ್ದಳು.

ಎರಡು ಚಳಿಗಾಲ ಹಾಗೆ ಕಳೆದವು. ಒಂದು ವಸಂತದಲ್ಲಿ ಬೂದು ಕೋಟಿನವರು ಬಂದಷ್ಟೇ ಅವಸರದಲ್ಲಿ ಓಡಿಹೋದರು. ಊರಿನವರು ಬಾಗಿಲುಗಳ ಮೇಲಿನ ಸುಣ್ಣದ ಸಂಖ್ಯೆಗಳನ್ನು ಉಜ್ಜಿ ಉಜ್ಜಿ ತೊಳೆದರು. ನಾವು ಕೊಟ್ಟಿಗೆಯ ನೆಲ ಅಗೆದು ಅಜ್ಜಿಯನ್ನು ಮೇಲೆತ್ತಿ ಎಲ್ಲರೆದುರು ಮಣ್ಣು ಮಾಡಿಸಿದೆವು. ಊರಿಗೆ ಊರೇ ಬಂದಿತ್ತು, ಒಬ್ಬರೂ ಆಶ್ಚರ್ಯ ಪಡಲಿಲ್ಲ. ನನಗೆ ಆಗ ಅದು ಹೊಳೆಯಲಿಲ್ಲ. ಲಾರಿಗಳಲ್ಲಿ ಹೋದವರು ಎಲ್ಲಿ ಹೋದರು, ಏನಾದರು ಎನ್ನುವ ಸುದ್ದಿಯೂ ಆ ದಿನಗಳಲ್ಲೇ ಬಂತು. ಆ ಜಾಗದಲ್ಲಿಯೂ ಚಿಮಣಿಗಳಿದ್ದವಂತೆ. ಪೆಸ್ಯಾ ಕೇಳಿದ್ದು ಒಂದೇ: "ಅಲ್ಲಿ ಹೊಗೆ ಎಳೆಎಳೆಯಾಗಿ ಬರ್ತಿತ್ತಾ ಅಮ್ಮ? ಯಾರಾದ್ರೂ ಎಣಿಸಿದ್ರಾ?" ನಮ್ಮಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಅವಳನ್ನು ಒದ್ದೆ ಕೈಯಲ್ಲೇ ಅಪ್ಪಿಕೊಂಡಳು.

ಅಜ್ಜಿಯನ್ನು ಮಣ್ಣು ಮಾಡಿ ಬಂದ ಸಂಜೆ ಅಮ್ಮ ಒಲೆಗೆ ಎರಡು ಸೌದೆ ಹೆಚ್ಚಿಗೆ ಇಟ್ಟಳು. ಇನ್ನು ಮೂವರೂ ಹಾಯಾಗಿ ಕೂತು ಉಣ್ಣೋಣ ಎಂದಳು. ಪೆಸ್ಯಾ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು, ಎದ್ದು, ಹೊರಗೆ ಹೋದಳು. ಕರೆದರೆ, "ಅಜ್ಜಿದು ಮುಗೀತಲ್ಲ. ಈಗ್ಲೂ ಅದೇ ಎಳೆ ಎದ್ರೆ ಓಣಿಯವ್ರು ಏನಂದ್ಕೋತಾರೆ?" ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಜ್ಜಿ ತನಗಾಗಿ ಜೊಂಡಿನಲ್ಲಿ ಕೂತು ಸತ್ತಳು, ಅವಳ ಪಾಲಿನ ಹೊಗೆಯನ್ನು ತನಗೆ ಬಿಟ್ಟುಹೋದಳು, ತನಗೆ ತನ್ನದೆಂಬ ಎಳೆ ಇಲ್ಲ ಎನ್ನುವುದು ಆ ಮಗುವಿನ ತಲೆಯಲ್ಲಿ ಬೇರು ಬಿಟ್ಟಿತ್ತು. ನಾವೇ ದಿನಾ ನೀರೆರೆದಿದ್ದೆವಲ್ಲ. ಆಮೇಲೆ ಎಷ್ಟು ಸಲ ನಿಜ ಹೇಳಿದರೂ ಅವಳು ನಂಬಲಿಲ್ಲ.

ಅವತ್ತಿನಿಂದ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಒಲೆ ಹೊತ್ತಿಸಿದ್ದೇ ತಡ, ಎಲ್ಲಿದ್ದರೂ ಎದ್ದು ಹೊರಡುತ್ತಿದ್ದಳು. ಓಣಿ ಓಣಿ ಸುತ್ತುತ್ತಿದ್ದಳು, ಊರಿನವರ ಚಿಮಣಿ ನೋಡುತ್ತಿದ್ದಳು, ಆಮೇಲೆ ನಮ್ಮ ಮೆಟ್ಟಿಲ ಮೇಲೆ ಕೂತು ತಟ್ಟೆ ತೊಡೆಯ ಮೇಲಿಟ್ಟು ಉಣ್ಣುತ್ತಿದ್ದಳು. ಮಂಜು ಬಿದ್ದರೂ ಅಷ್ಟೇ. ಕೆಂಡಕ್ಕೆ ಬೂದಿ ಮುಚ್ಚಿದ ಮೇಲೆಯೇ ಒಳಗೆ ಬಂದು ಮಲಗುವುದು. ದೊಡ್ಡವಳಾದ ಮೇಲೆ ಅಪ್ಪನ ಕಸುಬು ಹಿಡಿದಳು, ಬ್ರಷ್ಷು ಕಟ್ಟುವುದರಲ್ಲಿ ಹೆಸರು ಮಾಡಿದಳು. ಅದನ್ನೂ ಹೊಳೆಯ ಮೆಟ್ಟಿಲ ಮೇಲೆಯೇ ಕಟ್ಟುತ್ತಿದ್ದಳು. ಎರಡು ಸಂಬಂಧ ಬಂದಿದ್ದವು. ಇಬ್ಬರು ಗಂಡುಗಳೂ ಕೇಳಿದ್ದು ರಾತ್ರಿ ಊಟಕ್ಕೆ ಒಟ್ಟಿಗೆ ಕೂರಬೇಕು ಎನ್ನುವುದನ್ನು ಮಾತ್ರ, ಅದಕ್ಕೇ ಮುರಿದುಬಿದ್ದವು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಎರಡು ಮೇಣದ ಬತ್ತಿ ಹಚ್ಚಿ, ಅವಳನ್ನು ಹೆತ್ತವಳು ಮಾಡುತ್ತಿದ್ದ ಹಾಗೆ, ಕೈಯಿಂದ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಪ್ರಾರ್ಥನೆಯ ಮಾತುಗಳು ಮರೆತುಹೋಗಿದ್ದವು, ಕೈ ಮರೆತಿರಲಿಲ್ಲ. ಅಷ್ಟಾದ ಮೇಲೆ ಮತ್ತೆ ಬೀದಿಗೆ.

ಒಮ್ಮೆ ಹೊಗೆ ಬರೀ ಹೊಗೆಯಾಗಿರುವ ಬಂದರಿನ ಪಟ್ಟಣಕ್ಕೆ ಹೋಗಿ ನೆಲೆಸಲು ನೋಡಿದಳು. ನನಗೆ ಸಂತೋಷವೇ ಆಯಿತು, ಅಲ್ಲಾದರೂ ಕೂತು ಉಣ್ಣುತ್ತಾಳೆ ಎಂದುಕೊಂಡೆ. ವರ್ಷ ತುಂಬುವ ಮುಂಚೆ ಗಂಟು ಹೊತ್ತುಕೊಂಡು ಬಂದಳು. "ಅಲ್ಲಿ ಒಬ್ರಿದ್ರೂ ಅಷ್ಟೇ, ಹತ್ತು ಜನ ಇದ್ರೂ ಅಷ್ಟೇ ಕಣಕ್ಕ. ಯಾರು ಇದಾರೆ, ಯಾರು ಇಲ್ಲ ಅಂತ ಒಬ್ರಿಗೂ ಗೊತ್ತಾಗಲ್ಲ. ನನಗೆ ಅಲ್ಲಿ ಉಸಿರು ಕಟ್ತು," ಎಂದಳು. ಇಲ್ಲಿ ಕೂರಲಾರಳು, ಅಲ್ಲಿ ಇರಲಾರಳು. ಅಮ್ಮ ಅದೇ ಕೊರಗಿನಲ್ಲಿ ತೀರಿಕೊಂಡಳು. ಮನೆಯಲ್ಲಿ ನಾವಿಬ್ಬರೇ ಉಳಿದೆವು, ಸಂಜೆಯಾದರೆ ನನ್ನೊಬ್ಬಳದೇ ಎಳೆ.

ಹೀಗೇ ವಯಸ್ಸಾಯಿತು. ಪೆಸ್ಯಾಳ ತಲೆಯೂ ನರೆಯಿತು. ಹೋದ ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಶುರುವಾಯಿತು, ಅಜ್ಜಿಯ ಎದೆಯಲ್ಲಿ ಕೇಳುತ್ತಿದ್ದ ಅದೇ ಗೊರಗೊರ ಸದ್ದು. ಡಾಕ್ಟರು ಇನ್ನು ಚಳಿಗೆ ಕೂತರೆ ಉಳಿಯುವುದಿಲ್ಲ ಎಂದು ಖಡಾಖಂಡಿತ ಹೇಳಿದರು. ಅವಳು ತಲೆಗೆ ಹಚ್ಚಿಕೊಳ್ಳಲಿಲ್ಲ. ಅವತ್ತು ಸಂಜೆ ನಾನು ಒಲೆ ಹೊತ್ತಿಸಿದೆ, ಅವಳು ಕೆಮ್ಮುತ್ತ ಕೆಮ್ಮುತ್ತ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತಳು. ನನಗೆ ಎಲ್ಲಿತ್ತೋ ಸಿಟ್ಟು, ಬೀದಿ ಎನ್ನುವುದನ್ನೂ ಮರೆತು ಕಿರುಚಿದೆ.

"ಏಳೇ ಒಳಗೆ! ಇನ್ನೊಂದು ಹೆಣ ಎತ್ತೋ ಶಕ್ತಿ ನನಗಿಲ್ಲ. ನೀನೂ ಚಳೀಲಿ ಕೂತು ಸಾಯ್ಬೇಕು ಅಂತಿದೀಯಾ?"

"ಅಜ್ಜಿ ಎಳೇನ ಊರಿಗೆಲ್ಲ ತೋರಿಸ್ಕೊಂಡು ಕೂರ್ಲಾ?"

"ಅದು ಅಜ್ಜಿದಲ್ಲ ಕಣೇ. ಮೊದಲ್ನೇ ದಿನಾನೇ ನೋಡಿದೀನಿ. ನಿಂದೇ. ಕುಣೀತಿತ್ತು."

ಪೆಸ್ಯಾ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಸುಸ್ತಿತ್ತು. "ಆಗ ದಿನಾ ಒಂದು ಹೇಳ್ತಿದ್ದೆ. ದೊಡ್ಡವಳಾದ ಮೇಲೆ ಇನ್ನೊಂದು ಹೇಳ್ತೀಯ. ಯಾವ್ದನ್ನ ನಂಬ್ಲಿ ಅಕ್ಕ? ಎರಡೂ ನನ್ನ ಸಮಾಧಾನಕ್ಕೇ ಅಲ್ವಾ?"

ಆಗ ಎದುರು ಮನೆಯ ಕಿಟಕಿ ತೆರೆದ ಸದ್ದಾಯಿತು. ವೆಂಡೆಲಮ್ಮ ಇನ್ನೂ ಬದುಕಿದ್ದಳು. ಹವಾಲ್ದಾರನಿಗೆ ಅನ್ನ ಹಾಕಿದವಳೆಂದು ಊರಿನವರು ಅವಳ ಜೊತೆ ಹೊಲಿಗೆಯ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ, ನಾವಂತೂ ಯುದ್ಧ ಮುಗಿದ ಮೇಲೆ ಅವಳ ಮುಖ ನೋಡಿದವರಲ್ಲ. ಈಗ ಅವಳು ನಡೆಯಲಾರಳು, ಕಿಟಕಿಯ ಬಳಿಯೇ ಹಾಸಿಗೆ. ಗಂಟಲು ಮಾತ್ರ ಅದೇ.

"ಏ ಪುಟ್ಟಿ!" ಎಂದಳು. ತಲೆ ನರೆತವಳನ್ನು ಪುಟ್ಟಿ ಎಂದಳು. "ಇಲ್ಲಿ ಕೇಳು. ಮಾನ ಮರ್ಯಾದೆ ಬಿಟ್ಟು ಒಂದು ಮಾತು ಹೇಳ್ತೀನಿ. ನಾನೂ ಸಾಯೋ ಹೊತ್ತಾಯ್ತು, ಇನ್ನೇನು ಮಾನ. ನಿಮ್ಮಜ್ಜಿ ಹೊಗೇನ ಈ ಕಿಟಕೀಲಿ ಮದುವೆಯಾಗಿ ಬಂದಾಗಿನಿಂದ ನೋಡಿದೀನಿ. ದಾರ ಎಳ್ದಂಗೆ ನೆಟ್ಟಗೆ ಹೋಗೋದು. ಆ ವರ್ಷ ಒಂದೊಂದು ಸಂಜೆ ಅದು ಇರ್ತಿರ್ಲಿಲ್ಲ, ಅದರ ಜಾಗದಲ್ಲಿ ಒಂದು ಮರಿ ಎಳೆ ಕುಪ್ಪಳಿಸೋದು. ಆಮೇಲೆ ಅದು ಬರೋದೇ ನಿಂತೋಯ್ತು, ಮರಿ ಎಳೆ ಉಳೀತು. ನನಗೊಬ್ಬಳಿಗೇ ಏನು, ಓಣಿಗೆ ಓಣಿಗೇ ಗೊತ್ತಾಯ್ತು ಮುದುಕಿ ಹೋದ್ಲು, ಒಳಗೊಂದು ಮಗು ಇದೆ ಅಂತ."

ಪೆಸ್ಯಾ ಎದ್ದು ನಿಂತಳು. ಕೈಯಲ್ಲಿದ್ದ ಶಾಲು ಮೆಟ್ಟಿಲ ಮೇಲೆ ಬಿತ್ತು.

"ಆ ಹವಾಲ್ದಾರ ದಡ್ಡನಲ್ಲ," ವೆಂಡೆಲಮ್ಮ ಉಸಿರೆಳೆದುಕೊಂಡು ಹೇಳಿದಳು. "ಎರಡನೇ ದಿನಾನೇ ಕೇಳ್ದ, ಆ ಎಳೆ ಯಾಕೆ ಹಂಗೆ ಕುಣೀತದೆ ಅಂತ. ಎದುರು ಮನೆ ಮುದುಕಿಗೆ ನಡುಕದ ಜ್ವರ ಸ್ವಾಮಿ, ಮೈ ನಡುಗಿದ್ರೆ ಹೊಗೇನೂ ನಡುಗತ್ತೆ ಅಂದೆ. ಅವನು ನಂಬ್ಬೇಕಲ್ಲ, ಅದಕ್ಕೇ ದಿನಾ ಅವನ ಕಿವಿಗೆ ಬೀಳೋ ಹಂಗೆ ಕೂಗ್ತಿದ್ದೆ. ಗಂಟಲು ಹರ್ಕೊಂಡು ಎರಡು ವರ್ಷ ಕೂಗಿದೀನಿ ಕಣೇ. ಅಕ್ಕಪಕ್ಕದೋರೆಲ್ಲ ಬಾಯಿಗೆ ಬೀಗ ಹಾಕ್ಕೊಂಡ್ರು. ನಿನ್ನದನ್ನ ನೋಡಿಕೊಂಡೇ ನಾವು ಎಣಿಕೆ ಗಂಟೆ ಕಳೀತಿದ್ವಿ. ಇವತ್ತೂ ಕುಣೀತಾ ಇದೆ, ಮಗು ಇನ್ನೂ ಇದೆ ಅಂತ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದು ನಾನು ಕೂಗಿದೆ. ಅಮ್ಮ ಬಚ್ಚಲಿಗೆ ಸುರಿದ ಕಷಾಯವೆಲ್ಲ ನನ್ನ ಕಣ್ಣ ಮುಂದೆ ಬಂತು. "ನಮ್ಮಮ್ಮ ನಿಮ್ಮನ್ನ ಶಪಿಸ್ಕೊಂಡೇ ಸತ್ಲು!"

"ಹೇಳೋದು ಹೆಂಗೆ?" ವೆಂಡೆಲಮ್ಮನಿಗೆ ನಿಜವಾಗಿಯೂ ಸಿಟ್ಟು ಬಂತು. "ಇನ್ನೊಬ್ರ ಮನೆ ಹೊಗೆ ಮಾತು ಆಡಕ್ಕಾಗ್ತದಾ? ನಾನೇನು ನಾಚಿಕೆಗೆಟ್ಟೋಳಾ?" ಅಷ್ಟು ಹೇಳಿ ಕಿಟಕಿ ಮುಚ್ಚಿಕೊಂಡಳು.

ಪೆಸ್ಯಾ ಬಹಳ ಹೊತ್ತು ಓಣಿಯ ಒಂದೊಂದೇ ಮನೆಯನ್ನು ನೋಡುತ್ತ ನಿಂತಳು. ಎರಡು ವರ್ಷ ಯಾರ ಕಣ್ಣಿಗೂ ಬೀಳಬಾರದೆಂದು ಅಲ್ಲಾಡದೆ ಕೂತಿದ್ದಳು, ಈ ಮನೆಗಳೆಲ್ಲ ಅವಳನ್ನೇ ನೋಡುತ್ತಿದ್ದವು. ಅವಳ ಮುಖದಲ್ಲಿ ಮೊದಲು ಬಂದದ್ದು ಸಂತೋಷವಲ್ಲ, ಹೆದರಿಕೆ. ಆಮೇಲೆ ಅವಳು ಅತ್ತಳು. ಅಜ್ಜಿ ಸತ್ತಾಗ ಅಳದವಳು, ಚಿಮಣಿಗಳ ಸುದ್ದಿ ಬಂದಾಗ ಅಳದವಳು, ಬೀದಿಯ ನಡುವೆ ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ನಾನು ತಡೆಯಲಿಲ್ಲ.

ಅವತ್ತೇ ಒಳಗೆ ಕೂತಳು ಎಂದರೆ ಸುಳ್ಳಾಗುತ್ತದೆ. ಮರುದಿನವೂ ಒಲೆ ಹೊತ್ತಿಸಿದಾಗ ಕಾಲು ಎದ್ದೇ ಎದ್ದವು. ಹೊಸ್ತಿಲವರೆಗೆ ಹೋದಳು, ವಾಪಸು ಬಂದಳು, ಮತ್ತೆ ಹೋದಳು. ಹಾಗೆ ಒಂದಷ್ಟು ದಿನ ಹೊಸ್ತಿಲಿಗೂ ಒಲೆಗೂ ಅಲೆದಳು. ನಾನು ಕರೆಯಲಿಲ್ಲ, ನೋಡಿಯೂ ನೋಡದ ಹಾಗೆ ಈರುಳ್ಳಿ ಹೆಚ್ಚುತ್ತಿದ್ದೆ. ಒಂದು ಶುಕ್ರವಾರ ಬತ್ತಿ ಹಚ್ಚಿ, ಕಣ್ಣು ಮುಚ್ಚಿದ ಕೈ ತೆಗೆದು, ಅವಳು ಬಾಗಿಲ ಕಡೆ ಹೋಗಲಿಲ್ಲ. ಒಲೆಯ ಪಕ್ಕಕ್ಕೆ ಬಂದಳು. ಅಜ್ಜಿಯ ಕುರ್ಚಿಯನ್ನು ಬಿಟ್ಟು ಒಂದು ಮಣೆ ಎಳೆದುಕೊಂಡು ಕೂತಳು. ಕೈ ಕಟ್ಟಿಕೊಳ್ಳಲಿಲ್ಲ.

"ಹೋಗಿ ನೋಡ್ಕೊಂಡು ಬಾ," ಎಂದಳು.

ನಾನು ಹೊರಗೆ ಬಂದು ತಲೆ ಎತ್ತಿದೆ. ನಮ್ಮ ಚಿಮಣಿಯಿಂದ ಒಂದೇ ಎಳೆ ಎದ್ದಿತ್ತು. ಈ ವಯಸ್ಸಿನ ಹೆಂಗಸರ ಎಳೆ ಸಾಮಾನ್ಯವಾಗಿ ನೆಟ್ಟಗಾಗಿರುತ್ತದೆ. ಇದು ಚಿಮಣಿಯ ಬಾಯಲ್ಲಿ ಸ್ವಲ್ಪ ತಡೆಯಿತು, ಹೊರಗೆ ಯಾರಿದ್ದಾರೆ ಎಂದು ನೋಡಿದ ಹಾಗೆ. ಆಮೇಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಜಿಗಿಯಿತು. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಜನ ಮರ್ಯಾದೆ ಕಾಪಾಡಿಕೊಂಡು ಕಿಟಕಿ ಪರದೆಯ ಹಿಂದೆ ನಿಂತಿದ್ದರು, ನನಗೇನು ಕಾಣಲಿಲ್ಲವೇ. ವೆಂಡೆಲಮ್ಮನ ಕಿಟಕಿ ತೆರೆಯಿತು.

"ಅಜ್ಜಿ ಹೇಗವ್ರೆ?" ಎಂದು ಕೂಗಿದಳು, ಮೊದಲಿನ ಹಾಗೆಯೇ, ಓಣಿಗೆಲ್ಲ ಕೇಳುವಂತೆ.

"ಅಜ್ಜಿ ಹೋಗಿ ಎಷ್ಟೋ ಕಾಲ ಆಯ್ತು ವೆಂಡೆಲಮ್ಮ," ನಾನೂ ಅಷ್ಟೇ ಗಟ್ಟಿಯಾಗಿ ಕೂಗಿದೆ. "ಒಳಗಿರೋದು ಪೆಸ್ಯಾ. ಲೇಜರನ ಮಗಳು ಪೆಸ್ಯಾ."

ಒಳಗಿನಿಂದ ಕೆಮ್ಮು ಕೇಳಿಸಿತು, ಆಮೇಲೆ ಅವಳ ದನಿ. "ಎಷ್ಟು ಹೊತ್ತು ಚಳೀಲಿ ನಿಂತಿರ್ತೀಯ ಅಕ್ಕ? ಸಾರು ಆರಿ ಹೋಗ್ತದೆ. ಬಾಗಿಲು ಹಾಕ್ಕೊಂಡು ಬಾ."

ನಾನು ಒಳಗೆ ಹೋಗಿ ಬಾಗಿಲು ಹಾಕಿದೆ. ಆ ಸಂಜೆ ಹೊರಗೆ ನಿಂತು ನೋಡಲು ನಮ್ಮ ಮನೆಯವರು ಯಾರೂ ಉಳಿಯಲಿಲ್ಲ.